ಚೌಧರಿ ಯಾರು?

ಮೊಮ್ಮಕ್ಕಳೇ, ಸಹನಾ, ಶರಣು, ನಿಮ್ಮ ಮುತ್ಯಾ ಸುಳ್ಳುಗಾರರೆಂದು ನಾನು ನಲವತ್ತು ವರ್ಷ ನಂಬಿದ್ದೆ. ಬಾಯಿಬಿಟ್ಟು ಹೇಳಿದವಳಲ್ಲ. ನಾನು ಕಲಿತದ್ದು ಊರ ಸಾಲೆಯಲ್ಲಿ ಏಳನೇ ಇಯತ್ತೆಯವರೆಗೆ, ಸ್ವಭಾವವೂ ನಾಚಿಕೆಯದು. ಗಂಡನ ಹೆಸರನ್ನೇ ಬಾಯಿಂದ ತೆಗೆಯದವಳು ಗಂಡನ ಸುಳ್ಳನ್ನು ಹೇಗೆ ಹೊರಗೆ ತೆಗೆಯಲಿ?

ಮದುವೆಗೆ ಮುಂಚೆ ಮಿಲಿಟರಿಯಲ್ಲಿದ್ದೆ ಎನ್ನುತ್ತಿದ್ದರು. ನಡವಳಿಕೆಯೇನೋ ಹಾಗೆಯೇ ಇತ್ತು. ಹಾಸಿಗೆ ಮಡಚಿದರೆ ನಾಲ್ಕು ಮೂಲೆಯೂ ಕೂಡಬೇಕು. ಬೆರಳಷ್ಟು ಸರಿದರೂ ಬಿಚ್ಚಿ ಮತ್ತೆ ಮಡಚುವುದು. ಆಡುಗಳನ್ನು ಮೇಯಲು ಬಿಡುವ ಮೊದಲು ಸಾಲಾಗಿ ನಿಲ್ಲಿಸಿ ಹಾಜರಿ ಕರೆಯುವುದು. ಆಡುಗಳು ನಿಲ್ಲುತ್ತಿದ್ದವೇ ಎಂದು ಕೇಳಬೇಡಿ. ಒಂದು ಮುದಿ ಆಡು ಮಾತ್ರ ನಿಲ್ಲುತ್ತಿತ್ತು, ಅದಕ್ಕೆ ಕಾಲುನೋವಿತ್ತು. ಆಳಂದದ ಬಸ್ಸಿನ ಕಂಡಕ್ಟರ್ ಖಾಕಿ ತೊಟ್ಟಿದ್ದಾನೆಂದು ಅವನಿಗೂ ಸಲಾಮು ಹೊಡೆಯುತ್ತಿದ್ದರು. ಪಾಪ, ಅವನು ಟಿಕೆಟ್ ಕೊಡುವುದು ಬಿಟ್ಟು ತಿರುಗಿ ಸಲಾಮು ಹೊಡೆಯಬೇಕು.

ಆದರೆ ಒಂದು ಕಾಗದವಿಲ್ಲ, ಒಂದು ಫೋಟೋ ಇಲ್ಲ. ಕೇಳಿದರೆ, "ಟ್ರಂಕ ಸೋಲಾಪುರ ಸ್ಟೇಷನ್ದಾಗ ಕಳೀತು." ಯಾವ ಪಲ್ಟನ್ ಎಂದರೆ, "ಅದು ಗುಪ್ತ." ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ರೊಟ್ಟಿ ಬಡಿಯುತ್ತಲೇ ಚುಚ್ಚುತ್ತಿದ್ದಳು.

"ಯಕ್ಕಾ, ಭಾವ ಚಪಾತಿ ಎಷ್ಟು ದುಂಡಗ ಲಟ್ಟಸ್ತಾರ ನೋಡು. ಮಿಲಿಟ್ರ್ಯಾಗ ಬಂದೂಕ ಕೊಡ್ತಾರೋ, ಲಟ್ಟಣಿಗಿ ಕೊಡ್ತಾರೋ? ಸೋಲಾಪುರದ ಖಾನಾವಳ್ಯಾಗ ಇದ್ರಂತ ಮಂದಿ ಅಂತಾರವಾ."

ಖಾನಾವಳಿಯಾದರೂ ನನಗೆ ಚಿಂತೆಯಿರಲಿಲ್ಲ. ನನ್ನ ಗುಮಾನಿ ಬೇರೆ. ಊಟಕ್ಕೆ ಕೂತಾಗ ಮೊದಲ ರೊಟ್ಟಿಯ ಕಾಲುಭಾಗ ಮುರಿದು ತಾಟಿನ ಅಂಚಿಗಿಡುತ್ತಿದ್ದರು. ಅದನ್ನು ತಾವು ತಿನ್ನುತ್ತಿರಲಿಲ್ಲ. ಏಳುವಾಗ ಎಮ್ಮೆಗೆ ಹಾಕುತ್ತಿದ್ದರು. "ಯಾರಿಗ್ರಿ ಇದು?" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಬರಾವ್ರಿಗಿ," ಎಂದರು.

ಯಾರು ಬರುವವರು? ಸೋಲಾಪುರದಲ್ಲಿ ಯಾವ ಮನೆಯ ರೊಟ್ಟಿಯ ನೆನಪು ಇದು? ಸಾಲದ್ದಕ್ಕೆ ಪ್ರತಿ ದೀಪಾವಳಿಗೆ ಜೇವರ್ಗಿಯಿಂದ ಒಂದು ಪೋಸ್ಟ್‌ಕಾರ್ಡು. ವಿಳಾಸದಲ್ಲಿ ನಿಮ್ಮ ಮುತ್ಯಾನ ಹೆಸರು, ಒಕ್ಕಣೆಯಲ್ಲಿ ಮಾತ್ರ "ಚೌಧರಿಗೆ ಸಲಾಮು. ಇನ್ನೂ ಬದುಕಿದ್ದೇನೆ." ಓದಲು ಬಂದದ್ದೇ ನನ್ನ ಕಷ್ಟ. "ಚೌಧರಿ ಯಾರ್ರಿ?" ಎಂದರೆ, "ಬರದಾಂವ ಹುಚ್ಚ ಅದಾನ," ಎಂದು ನಕ್ಕು ಕಾರ್ಡನ್ನು ಕೋಟಿನ ಜೇಬಿಗೆ ಸೇರಿಸುತ್ತಿದ್ದರು. ಎರಡು ಹೆಸರಿದ್ದವರಿಗೆ ಎರಡು ಮನೆಯೂ ಇರಬಹುದಲ್ಲವೇ?

ಅವರು ತೀರಿಹೋದ ಮೇಲೆ ಮಟಕಿಯ ನಮ್ಮ ಸಾಲೆಯಲ್ಲಿ ಊರಿನ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದೆಂದಾಯಿತು. "ದಾಖಲಿ ತರ್ರಿ ಆಯಿ, ಹೆಸರು ಹಾಕಸ್ತೀವಿ," ಎಂದರು ಹೆಡ್‌ಮಾಸ್ತರು. ದಾಖಲೆ ಸಿಗದಿದ್ದರೆ, ನನ್ನ ಗಂಡ ಸುಳ್ಳುಗಾರನೆಂದು ಊರಿಗೆಲ್ಲ ನಾನೇ ಡಂಗುರ ಹೊಡೆದಂತೆ. ಹುಡುಕದೆ ಕೂತರೂ ಹಾಗೆಯೇ.

ನಿಮ್ಮ ಅವ್ವನ ಜೊತೆ ಕಲಬುರಗಿಯ ಮಾಜಿ ಸೈನಿಕರ ಕಚೇರಿಗೆ ಹೋದೆ. ಗುಮಾಸ್ತರು ಹೆಸರು ಕೇಳಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. "ಯವ್ವಾ, ಇಲ್ಲೂ ನಾಚಿಕಿ ಏನು?" ಎಂದು ನಿಮ್ಮ ಅವ್ವ ಬರೆದುಕೊಟ್ಟಳು. ಬಹಳ ಹೊತ್ತು ಹುಡುಕಿದರು. ಆ ಹೆಸರಿನವರು ಪಟ್ಟಿಯಲ್ಲಿ ಇರಲೇ ಇಲ್ಲ. ನಲವತ್ತು ವರ್ಷದ ಗುಮಾನಿ ಗೆದ್ದಿತು. ಇಂಥ ಗೆಲುವು ಯಾರಿಗೂ ಬೇಡ.

ಮನೆಗೆ ಬಂದು ಕೋಟಿನ ಜೇಬು ತಡಕಿದೆ. ಕೊನೆಯ ಪೋಸ್ಟ್‌ಕಾರ್ಡು ಸಿಕ್ಕಿತು. ಬರೆದವರ ವಿಳಾಸ ಹಿಡಿದು ತಾಯಿ ಮಗಳು ಜೇವರ್ಗಿಗೆ ಹೋದೆವು. ಬಾಗಿಲಲ್ಲಿ ಕೂತಿದ್ದ ಮುದುಕರು ಗುಮಾನಿಯಲ್ಲಿ ನನ್ನನ್ನೂ ಮೀರಿಸಿದವರು. ಕಾರ್ಡು ತೋರಿಸಿದರೂ ಒಳಗೆ ಕರೆಯಲಿಲ್ಲ.

"ಚೌಧರಿ ಹೇಣ್ತಿ ಏನು? ಹಂಗಂತ ಯಾರ ಬೇಕಾದ್ರೂ ಬರಬಹುದವಾ. ಅಂವ ಉಣ್ಣಾಕ ಕುಂತ್ರ ಮೊದ್ಲ ಏನ್ ಮಾಡ್ತಾನ, ಹೇಳು ನೋಡೂಣು."

"ರೊಟ್ಟಿ ಮುರದು ಕಾಲಭಾಗ ಅಂಚಿಗಿ ಇಡ್ತಿದ್ರು."

ಮುದುಕರು ಎದ್ದು ನಿಂತರು. "ಇಡ್ತಿದ್ನಾ? ಅಂದ್ರ ಈಗ ಇಲ್ಲೇನು?"

ನಾನು ತಲೆ ತಗ್ಗಿಸಿದೆ. ಅವರು ಗೋಡೆ ಹಿಡಿದುಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಆಮೇಲೆ, "ಒಳಗ ಬರ್ರಿ ವೈನಿ," ಎಂದು ಅಣ್ಣನ ಹೆಂಡತಿಯನ್ನು ಕರೆದಂತೆ ಕರೆದರು.

ಆಳಂದದ ಕಡೆಯ ನಿಮ್ಮ ಮುತ್ಯಾ, ಜೇವರ್ಗಿಯ ಈ ಮುದುಕರು, ಅಫಜಲಪುರದ ಇನ್ನೊಬ್ಬ, ಮೂವರೂ ಒಂದೇ ದಿನ ಭರ್ತಿಗೆ ನಿಂತಿದ್ದರಂತೆ. ಬರೆದುಕೊಳ್ಳುವವನ ಹಿಂದಿ ಯಾರಿಗೂ ಸರಿಯಾಗಿ ತಿಳಿಯಲಿಲ್ಲವಂತೆ.

"ಅಂವ ಏನ್ ಕೇಳಿದ್ರೂ ನಿಮ್ಮವರದು ಹೌದ್ರಿ, ಹೌದ್ರಿ. ಹೆಸರ್ ಕೇಳಿದ್ರೂ ಹೌದ್ರಿ. ಆ ಹೌದ್ರಿ ಅಂವಗ ಚೌಧರಿ ಅಂತ ಕೇಳಸ್ತು, ಹಂಗ ಬರಕೊಂಡ. ತಿದ್ದಸಲೇ ಅಂತ ನಾವಂದ್ರ, ಬಾಯಿ ತೆಗದ್ರ ಮನಿಗಿ ಕಳಸ್ತಾರಂತ ಸುಮ್ಮನಾದ."

"ಮತ್ತ ಟ್ರಂಕು?"

"ಕಳೀಲಿಲ್ರಿ ವೈನಿ, ಬಿಟ್ಟ್ ಬಂದ. ಬ್ಯಾರೆ ಹೆಸರಿನ ಕಾಗದ ಊರಾಗ ತೋರಿಸಿದ್ರ ಜೈಲಿಗಿ ಹಾಕ್ತಾರಂತ. ಗುಂಡಿಗಿ ಅಂಜಲಾರದಾಂವ ಊರ ದಫ್ತರ ಬರಿಯೋ ತಲಾಟಿಗಿ ಅಂಜಿದ."

ನಿಮ್ಮ ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಾನು ರೊಟ್ಟಿಯ ಮಾತು ಕೇಳಿದೆ. ಮುದುಕರ ನಗು ನಿಂತಿತು. ಅಫಜಲಪುರದ ಗೆಳೆಯ ಒಂದು ದಿನ ಊಟದ ಹೊತ್ತಿಗೆ ಪಹರೆಗೆ ಹೊರಟನಂತೆ. "ನನ್ನ ಪಾಲಿಂದು ತೆಗದಿಡ್ರಲೇ, ಬರ್ತೇನಿ," ಎಂದನಂತೆ. ಬರಲಿಲ್ಲ.

ಆ ದಿನ ಅವರ ಸೊಸೆ ನಮಗೆಲ್ಲ ಬಡಿಸಿದಳು. ಮುದುಕರು ರೊಟ್ಟಿ ಮುರಿದು ಕಾಲುಭಾಗ ಅಂಚಿಗಿಟ್ಟರು. ತಡೆದು, ಅದರ ಪಕ್ಕಕ್ಕೆ ಇನ್ನೊಂದು ತುಂಡು ಇಟ್ಟರು.

ಮುದುಕರನ್ನು ಕರೆದುಕೊಂಡು ಮತ್ತೆ ಕಚೇರಿಗೆ ಹೋದೆವು. ಚೌಧರಿ, ಊರು ಮಟಕಿ ಎಂದು ಪಟ್ಟಿಯಲ್ಲಿ ಸಿಕ್ಕಿತು. ಮುದುಕರು ಸಾಕ್ಷಿ ನುಡಿದರು. ಗುಮಾಸ್ತರು ನನ್ನ ಕಡೆ ತಿರುಗಿದರು.

"ಈ ಚೌಧರಿ ನಿಮ್ಮ ಮನಿಯವರೇನ್ರಿ? ನೀವೇ ಬಾಯಿಬಿಟ್ಟು ಹೇಳಬೇಕ್ರಿ."

ಬಾಯಿಗೆ ಅಡ್ಡವಿದ್ದ ಸೆರಗು ತೆಗೆದೆ.

"ಹೌದ್ರಿ," ಎಂದೆ.

ನನ್ನ ಜನ್ಮದಲ್ಲಿ ಗಂಡನ ಹೆಸರು ಬಾಯಿಂದ ತೆಗೆದದ್ದು ಅದೇ ಮೊದಲು.

ಮಕ್ಕಳೇ, ಈ ಹಾಳೆಗಳನ್ನು ನಾಲ್ಕು ಮೂಲೆ ಕೂಡುವಂತೆ ಮಡಚಿ ಟ್ರಂಕಿನಲ್ಲಿಡಿ. ಟ್ರಂಕನ್ನು ಮಾತ್ರ ಯಾವ ಸ್ಟೇಷನ್ನಿನಲ್ಲೂ ಬಿಟ್ಟು ಬರಬೇಡಿ.