ಬಚ್ಚಲಿಗೆ ಮುಳ್ಳು ಹೊಡೆಸಿದ್ದು

ಉತ್ಸಾಹ ನನಗೆ ಜ್ವರ ಬಂದ ಹಾಗೆ ಬರುತ್ತದೆ. ಜ್ವರ ನನ್ನದು, ನರಳುವವರು ಮಾತ್ರ ಮನೆಯವರು. ಆಗ ನಮ್ಮ ಕೊಳ್ಳೇಗಾಲ ಮದರಾಸಿನದು, ಯಳಂದೂರು ಮೈಸೂರಿನದು. ನಾನು ದಿನವೂ ಬೆಳಗಿನ ಬಸ್ಸಿನಲ್ಲಿ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋಗಿ, ಮಕ್ಕಳಿಗೆ ಪಾಠ ಹೇಳಿ, ಸಂಜೆಗೆ ವಾಪಸು ಬರುತ್ತಿದ್ದ ಮೇಷ್ಟ್ರು. ಇಷ್ಟೊಂದು ಲೋಕಸಂಚಾರ ಮಾಡುವವನಿಗೆ ನಮ್ಮ ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಯೇ ಅಪಾಯದ ದಾರಿ ಎಂದು ಹೊಳೆದಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ, ಎಪ್ಪತ್ತು ದಾಟಿದ ನಮ್ಮವ್ವ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು.

ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಸೊಂಟದ ಊತ ಹದಿನೈದು ದಿನಕ್ಕೆ ಇಳಿಯಿತು. ಮುರಿದದ್ದು ಧೈರ್ಯ. ಅಪ್ಪನ ಮಗ್ಗದ ಪಕ್ಕ ಕುಳಿತು ರೇಷ್ಮೆ ಎಳೆ ಸುತ್ತುತ್ತಾ ಇಡೀ ಬೀದಿಯ ಸುದ್ದಿ ಹೇಳುತ್ತಿದ್ದವಳು ಗೋಡೆಗೊರಗಿ ಸುಮ್ಮನಾಗಿಬಿಟ್ಟಳು. ಹಿತ್ತಲಿಗೆ ಹೋಗಲೂ ನನ್ನ ಹೆಂಡತಿ ರಾಜಮ್ಮನ ಹೆಗಲು ಬೇಕು. "ನನ್ ಕಾಲು ನನ್ ಮಾತೇ ಕೇಳಾಕಿಲ್ಲ ಕಣ್ಲಾ" ಎಂದಳು. ಅವ್ವನ ಮಾತು ಕೇಳದ್ದು ಏನಾದರೂ ಆ ಮನೆಯಲ್ಲಿ ಉಂಟೇ! ಆ ಮಾತು ಕೇಳಿದ್ದೇ ನನಗೆ ಉತ್ಸಾಹದ ಜ್ವರ ಏರಿತು.

ಭಾನುವಾರ ಮನೆಯ ನೆಲವನ್ನೆಲ್ಲ ಅಂಬೆಗಾಲಿಟ್ಟು ಪರೀಕ್ಷೆ ಮಾಡಿದೆ. ಅಬ್ಬಬ್ಬಾ! ಇದು ಮನೆಯೋ, ಆನೆ ಹಿಡಿಯುವ ಖೆಡ್ಡಾವೋ! ನಡುಮನೆಯಲ್ಲಿ ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿ, ಮೊಣಕಾಲೆತ್ತರದ ಹೊಸಿಲು, ಪಾಚಿ ಹಿಡಿದ ಬಚ್ಚಲು. ಇಷ್ಟು ವರ್ಷ ನಾವೆಲ್ಲ ನೆಟ್ಟಗೆ ನಿಂತಿದ್ದೇ ಬೆಟ್ಟದ ಮಾದಪ್ಪನ ದಯೆ! ಮೊದಲು ಗುಂಡಿಗೆ ಹಲಗೆಯ ಮುಚ್ಚಳ ಮಾಡಿಸಿ ತಂದೆ. ಅಳತೆ ನೋಡುವ ಆತುರದಲ್ಲಿ ಎಳೆಯುತ್ತಿದ್ದಾಗ ಅಪ್ಪ ಕೂಗಿದ: "ಲೇ, ನಾನಿನ್ನೂ ಒಳ್ಗೇ ಅವ್ನಿ, ಆಗ್ಲೇ ಮುಚ್ಬುಡ್ತೀಯಾ?" ಹೊಸಿಲು ಕೊಯ್ಯಿಸುತ್ತೇನೆಂದರೆ ಅವ್ವ ಬಿಡಲಿಲ್ಲ. "ಅಲ್ಲಿ ಲಕ್ಸ್ಮಿ ಕುಂತವ್ಳೆ, ಅವಳ್ನೂ ಬೀಳಿಸ್ಬೇಕಾ?" ಸರಿ, ಎರಡೂ ಪಕ್ಕಕ್ಕೆ ತಗ್ಗು ಮೆಟ್ಟಿಲು ಬಂತು. ಅವ್ವನ ಮಂಚದಿಂದ ಬಚ್ಚಲವರೆಗೆ ಗೂಟ ಹೊಡೆದು, ಹಿಡಿದು ನಡೆಯಲೆಂದು ತೆಂಗಿನ ನಾರಿನ ಹಗ್ಗ ಬಿಗಿದೆ. ಸಂಜೆಗೆ ನೋಡಿದರೆ ಅದರ ಮೇಲೆ ರಾಜಮ್ಮನ ಎರಡು ಒದ್ದೆ ಸೀರೆ! "ನನ್ಗೇ ಕಟ್ಟಿಕೊಟ್ರಿ ಅಂದ್ಕಂಡೆ ಕಣ್ರಿ" ಎಂದಳು.

ಉಳಿದದ್ದು ಬಚ್ಚಲ ಕಲ್ಲು. ಪಾಚಿ ಉಜ್ಜಿದರೂ ಅದರ ನುಣುಪು ಹೋಗಲಿಲ್ಲ. ಒರಳಿಗೂ ಬೀಸುವ ಕಲ್ಲಿಗೂ ತರಿತರಿಯಾಗಲೆಂದು ಉಳಿಯಿಂದ ಮುಳ್ಳು ಹೊಡೆಯಲು ಹನೂರಿನ ಕಡೆಯಿಂದ ಬರುತ್ತಿದ್ದ ಮಾದಮ್ಮನನ್ನು ಕರೆದು ತೋರಿಸಿದೆ. ಅವಳು ಕಲ್ಲನ್ನೂ ನನ್ನನ್ನೂ ನೋಡಿ ನಕ್ಕಳು.

"ಬಚ್ಚಲ್ನಾಗೆ ಏನ್ ಸಾ ಅರೀತೀರಿ?"

"ಅರೆಯೋದಲ್ಲಮ್ಮ, ನಮ್ಮವ್ವ ಜಾರಿ ಬಿದ್ದರು."

ಮಾದಮ್ಮನ ನಗು ನಿಂತಿತು. "ನಮ್ಮವ್ವನೂ ಇಂಗೇ ಬಿದ್ಲು ಸಾ. ಮೇಲಕ್ಕೇಳ್ಲೇ ಇಲ್ಲ" ಎಂದು ಕುಕ್ಕರುಗಾಲಲ್ಲಿ ಕುಳಿತು, ಮಧ್ಯಾಹ್ನದವರೆಗೆ ಒಂದೊಂದೇ ಚುಕ್ಕೆ ಹೊಡೆದಳು.

ಕೆಲಸ ಮುಗಿದ ಕೂಡಲೇ ನಾನು ಅವ್ವನ ಮುಂದೆ ಹಾರಾಡಿದೆ: "ಏಳವ್ವ! ಇನ್ನು ಈ ಮನೇಲಿ ಯಾರೂ ಬೀಳೋ ಹಾಗೇ ಇಲ್ಲ!" ಅವ್ವ ನಿಧಾನವಾಗಿ ಎದ್ದು, ಹಗ್ಗ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟಳು. ನಾನು, ಅಪ್ಪ, ರಾಜಮ್ಮ ಹಿಂದೆ ಹಿಂದೆಯೇ. ಬಚ್ಚಲ ಕಲ್ಲಿನ ಮೇಲೆ ಪಾದ ಊರಿ, ಉಜ್ಜಿ ನೋಡಿದಳು. ಮುಖ ಅರಳಿತು. "ಕಚ್ತದೆ ಕಣ್ಲಾ! ಬೆಕ್ಕಿನ್ ನಾಲ್ಗೆ ಇದ್ದಂಗದೆ!"

ನಾನು ಕುಣಿದೇಬಿಟ್ಟೆ. ಅವ್ವ ಕೈಯೆತ್ತಿ ತಡೆದಳು.

"ಆದ್ರೆ ಕಲ್ಲಿಂದೇನ್ ತಪ್ಪಿಲ್ಲ. ಅವತ್ತು ನೀನು ಜಗ್ಲೀಲಿ ಕುಂತ್ಕಂಡು, 'ಅವ್ವ, ಗಡ್ಡಕ್ಕೆ ಬಿಸ್ನೀರು, ಬಸ್ ಓಯ್ತದೆ' ಅಂತ ಬಡ್ಕಂಡ್ಯಲ್ಲ, ಅದ್ಕೇ ಹಂಡೆ ತಾವ್ಕೆ ಓಡ್ದೆ. ಓಡಿ ಬಿದ್ದೆ."

ರಾಜಮ್ಮ ಸೀರೆ ಸೆರಗು ಬಾಯಿಗೊತ್ತಿಕೊಂಡಳು. ಅಪ್ಪ ಮೆಲ್ಲಗೆ ಮಗ್ಗಕ್ಕೆ ಹೋದ. ನಾನು ಕೂಗಿದ್ದು ನನಗೆ ನೆನಪೇ ಇರಲಿಲ್ಲ. ದಿನವೂ ಕೂಗುತ್ತಿದ್ದವನಿಗೆ ಒಂದು ದಿನದ ಕೂಗು ಹೇಗೆ ನೆನಪಿರುತ್ತದೆ? ಅಷ್ಟು ಕೂಲಂಕಷವಾಗಿ ಪರೀಕ್ಷೆ ಮಾಡಿದರೂ ಜಗಲಿಯ ಮೇಲೆ ಕುಳಿತಿದ್ದ ಅಪಾಯ ಕಣ್ಣಿಗೆ ಬಿದ್ದಿರಲಿಲ್ಲ.

ವಾರದೊಳಗೆ ಅವ್ವ ಮತ್ತೆ ಎಳೆ ಸುತ್ತಲು ಕುಳಿತಳು. ಬೀದಿಗೆಲ್ಲ ಅವಳು ಹೇಳಿದ ಮೊದಲ ಸುದ್ದಿ, ಮೇಷ್ಟ್ರು ಈಗ ತಾವೇ ನೀರು ಕಾಯಿಸಿಕೊಳ್ಳುತ್ತಾರೆ ಎಂಬುದು. ಒಲೆ ಊದುವ ಅಭ್ಯಾಸವಿಲ್ಲದ ನಾನು ಆ ವಾರ ಎರಡು ಸಲ ಬಸ್ಸು ತಪ್ಪಿಸಿಕೊಂಡೆ. ಹೆಡ್ಮಾಸ್ತರರು ಕಾರಣ ಕೇಳಿದಾಗ "ಮನೆಯಲ್ಲಿ ರಿಪೇರಿ, ಸಾರ್" ಎಂದೆ. ಯಾವುದರ ರಿಪೇರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹೆಸರನ್ನೇ ಹೇಳಬೇಕಾಗಿತ್ತು.