ಮೊಂಡನ ಮಂಚದ ಹಲಗೆ

ನನಗೆ ಮರೆವು ಅಂತ ನಗುವವರು ಮೊದಲು ಬಾಯಿ ಮುಚ್ಚಿ. ನಿನ್ನೆ ಚಪ್ಪಲಿ ಎಲ್ಲಿ ಬಿಟ್ಟಿರಿ ಅನ್ನೋದು ನಿಮಗೇ ನೆನಪಿಲ್ಲ. ಮೊಂಡನ ಮಂಚದ ಹಲಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊಂಡ ಮೀನು ಹಿಡಿಯುವವನು. ಅವನ ಅತ್ತೆಗೆ ಹಿರಿಯರ ಮಾತುಗಳೆಲ್ಲ ಬಾಯಿಪಾಠ. ಒಂದು ಮಾತಿಗಾದರೂ ಅರ್ಥ ಬಿಡಿಸಿ ಹೇಳದೆ ಅಳಿಯನ ಮುಂದೆ ತಟ್ಟೆ ಇಟ್ಟವಳಲ್ಲ. ಅವತ್ತು ಬೆಳಗ್ಗೆ ಕಡಲಹಕ್ಕಿಗಳು ಕೆಲಸವಿಲ್ಲದ ಗುಮಾಸ್ತರ ಹಾಗೆ ಮರಳಿನ ಮೇಲೆ ಸಾಲಾಗಿ ಕೂತಿದ್ದವು.

"ಹಕ್ಕಿ ದಡದಲ್ಲಿ ಕೂತ್ರೆ ದೋಣಿ ಇಳಿಸಬಾರದು ಅಂತ ಹಿರಿಯರು ಹೇಳಿದ್ದಾರೆ, ಅಳಿಯಂದ್ರೇ. ಅಂದ್ರೆ ಏನರ್ಥ? ಗಾಳಿ ಏಳುತ್ತೆ ಅಂತ."

"ಆ ಹಿರಿಯರೆಲ್ಲ ಸತ್ತು ಮಣ್ಣಾದ್ರು ಅತ್ತೆ! ಇವತ್ತು ದೋಣಿ ತುಂಬ ಮೀನು ತಂದ್ರೆ ಅವರ ಮಾತು ಇನ್ನು ನನ್ನ ಕಿವಿಗೆ ಬೀಳಬಾರದು. ಒಪ್ಪಿದ್ರಾ?"

"ಸತ್ತವರದ್ದು ಒಂದೂ ಹೇಳಲ್ಲ, ಹೋಗಿ."

ಸುದ್ದಿ ಕೇರಿಯೆಲ್ಲ ಹಬ್ಬಿತು. ಅವನ ಜೀವ ಉಳಿಸಬೇಕೆಂದು ಪಕ್ಕದ ಮನೆಯ ಬಲೆ ಹೆಣೆಯುವವನು ದೋಣಿಯ ಹುಟ್ಟುಗಳನ್ನೇ ಬಚ್ಚಿಟ್ಟ. ಮೊಂಡ ಸೀದಾ ಮನೆಗೆ ಬಂದು, ಹುಟ್ಟಿನ ಬದಲಿಗೆ ತಾನು ಮಲಗುವ ಮಂಚದ ಹಲಗೆ ಕಿತ್ತು ಹೆಗಲಿಗೇರಿಸಿದ. ದೋಣಿಯಲ್ಲಿ ಸಿಳ್ಳೆ ಹಾಕಿದರೆ ಬಿರುಗಾಳಿ ಬರುತ್ತದೆಂದು ದಡದವರು ಕೂಗಿಕೊಂಡರು. ಅವನು ಹೊಸ ಕುಕ್ಕರಿನ ಹಾಗೆ ಸಿಳ್ಳೆ ಹಾಕುತ್ತಲೇ ಹೊರಟ.

ಗಾಳಿ ಬರಲಿಲ್ಲ. ಬೇರೆ ದೋಣಿಯೂ ಇರಲಿಲ್ಲ. ಮೀನೆಲ್ಲ ಅವನದೇ, ದೋಣಿ ತುಂಬಿತು! ಆದರೆ ಹಲಗೆ ಹಿಡಿದು ಅಂಗೈಯಲ್ಲಿ ಬೊಬ್ಬೆ ಎದ್ದಿತು, ಸೊಂಟ ಹಿಡಿಯಿತು, ದಡ ಕಾಣುವಾಗ ಹಲಗೆಯೇ ಎರಡು ತುಂಡಾಯಿತು. ಎದೆಮಟ್ಟದ ನೀರಿಗಿಳಿದು ದೋಣಿ ತಳ್ಳಿಕೊಂಡು ಸಂಜೆಗೆ ಬಂದವನು ದಡದಲ್ಲಿ ನಿಂತು ಅಬ್ಬರಿಸಿದ:

"ನೋಡ್ರೋ! ಹಕ್ಕಿ ಕೂತಿದೆ ಅಂತ ಮನೇಲಿ ಕೂತೋನು ಹಕ್ಕೀನೇ ಎಣಿಸ್ತಾ ಇರ್ಲಿ!"

ಮನೆಗೆ ಬಂದು, ಹಲಗೆಯಿಲ್ಲದ ಮಂಚದ ಪಕ್ಕ ನೆಲಕ್ಕೇ ಒರಗಿದ. ಕಣ್ಣು ಮುಚ್ಚುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ಹಾಜರು.

"ಏಳಿ ಅಳಿಯಂದ್ರೇ, ನಿಮ್ಮ ಮೀನು ನೋಡಿ ಕೇರಿಯವರೆಲ್ಲ ಈ ರಾತ್ರಿಗೇ ದೋಣಿ ಇಳಿಸ್ತಿದ್ದಾರೆ."

"ಸೊಂಟ ಏಳ್ತಾ ಇಲ್ಲ ಅತ್ತೆ. ನಾಳೆ ನೋಡೋಣ."

"ಹಕ್ಕಿ ಕೂತಿದೆ ಅಂತ ಮನೇಲಿ ಕೂತೋನು ಹಕ್ಕೀನೇ ಎಣಿಸ್ತಾ ಇರ್ಲಿ. ಅಂದ್ರೆ ಏನರ್ಥ? ಸೋಮಾರಿಗೆ ಮೀನಿಲ್ಲ ಅಂತ."

ಮೊಂಡ ದಡಕ್ಕನೆ ಎದ್ದು ಕೂತ. "ಅತ್ತೆ! ಹಿರಿಯರ ಮಾತು ಹೇಳಲ್ಲ ಅಂತ ಒಪ್ಪಿದ್ರಲ್ಲ!"

"ಸತ್ತವರದ್ದು ಹೇಳಲ್ಲ ಅಂದೆ. ನೀವಿನ್ನೂ ಗಟ್ಟಿಮುಟ್ಟಾಗಿದ್ದೀರಲ್ಲ!"

ಹೊರಗೆ ಬಲೆ ಹೆಣೆಯುವವನು, ಬಚ್ಚಿಟ್ಟಿದ್ದ ಹುಟ್ಟುಗಳನ್ನು ಹಿಡಿದು, ಅದೇ ಮಾತು ಕೂಗುತ್ತಾ ಕಾಯುತ್ತಿದ್ದ.

ಕೇಳಿದಿರಲ್ಲ, ಇನ್ನೊಬ್ಬರ ಕಿವಿಗೂ ಹಾಕಿ. ಅರ್ಥ ಮಾತ್ರ ಬಿಡಿಸಿ ಹೇಳಬೇಡಿ.