ಯಡಿಯೂರಿನ ಕುದುರೆ ಉಂಡೆ

ನಾನು ಅಷ್ಟು ಸುಲಭಕ್ಕೆ ನಗೋಳಲ್ಲ. ಆದ್ರೆ ನಾನು ಎಷ್ಟೇ ಗಂಭೀರವಾಗಿ ಒಂದು ಕೆಲಸಕ್ಕೆ ಕೈ ಹಾಕಿದ್ರೂ ಎದುರಿಗಿರೋರು ಸೆರಗು ಬಾಯಿಗೆ ಅಡ್ಡ ಹಿಡ್ಕೋತಾರೆ. ನನ್ನ ಜಾತಕವೇ ಅಂಥದ್ದು ಅಂತ ಕಾಣುತ್ತೆ.

ಎಂಬತ್ತರ ದಶಕದ ಶುರುವಿನ ಮಾತು. ನಮ್ಮನೆಯವರು ಕೆಲಸ ಮಾಡ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು. ಯಡಿಯೂರು ಕೆರೆ ಹತ್ರ ಬಾಡಿಗೆ ಮನೆ. ಇದ್ದೋರು ಮೂರೇ ಜನ, ನಾನು, ನಮ್ಮನೆಯವರು, ನಮ್ಮತ್ತೆ. ತುಮಕೂರಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನಮ್ಮ ಭಾವ ಬಂದು, "ಮನೆ ಖಾಲಿ ಮಾಡಿ ನಮ್ಮಲ್ಲಿಗೇ ಬಂದ್ಬಿಡಿ, ಹಿಂದಿನ ರೂಮು ಸುಮ್ನೆ ಬಿದ್ದಿದೆ" ಅಂದ್ರು. ಒಳ್ಳೇ ಮನಸ್ಸಿಂದಲೇ ಅಂದ್ರು. ಆದ್ರೆ ಆ ಹಿಂದಿನ ರೂಮು ನಾನು ನೋಡಿದ್ದೆ, ನಮ್ಮ ವಾರಗಿತ್ತೀನೂ ನೋಡಿದ್ದೆ. ಒಂದ್ಸಲ ಅಲ್ಲಿಗೆ ಹೋದ್ರೆ ಮತ್ತೆ ನನ್ನದು ಅಂತ ಒಂದು ಒಲೆ ಇರಲ್ಲ ಅಂತ ಗೊತ್ತಿತ್ತು.

ಅತ್ತೆ, "ಆಯುಧಪೂಜೆವರೆಗೆ ನೋಡೋಣ. ಅಷ್ಟರೊಳಗೆ ಏನೂ ದಾರಿ ಕಾಣ್ಲಿಲ್ಲ ಅಂದ್ರೆ ಗಂಟುಮೂಟೆ ಕಟ್ಟೋದು" ಅಂದ್ರು. ಅತ್ತೆ ಮಾತು ಅಂದ್ರೆ ಮುಗೀತು.

ದಾರಿ ತೋರಿಸಿದ್ದು ಒಂದು ಕುದುರೆ. ನಮ್ಮನೆ ಮುಂದಿನ ಹೊಂಗೆ ಮರದ ಕೆಳಗೆ ಜಟಕಾ ನಿಲ್ಲಿಸೋ ತಾತ ಒಬ್ರಿದ್ರು. ಅವರ ಹೆಣ್ಣು ಕುದುರೆಗೆ ಒಂದಿನ ಮಿಕ್ಕಿದ್ದ ಬೇಯಿಸಿದ ಹುರುಳೀಗೆ ಬೆಲ್ಲ ಕಲಸಿ, ಉಂಡೆ ಕಟ್ಟಿ ಕೊಟ್ಟೆ. ತಿಂದು, ಖಾಲಿ ಅಂಗೈ ಮೂಸಿ, ನನ್ನ ಮುಖ ನೋಡ್ತು. ತಾತ ಅಂದ್ರು, "ಎರಡು ದಿನದಿಂದ ಮೇವು ಮುಟ್ಟಿರ್ಲಿಲ್ಲ ತಾಯಿ. ನಾಳೆನೂ ಮಾಡಿಕೊಡಿ, ಕಾಸು ಕೊಟ್ಟು ತಗೋತೀನಿ."

ಅಲಂಕಾರ

ಕುದುರೆ ತಿಂಡಿ ಅಂದಕೂಡಲೇ ಅತ್ತೆ ಅಡುಗೆಮನೆಗೆ ಬಿಟ್ಕೊಳ್ಳಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡ್ಕೊಂಡೆ. ಹುರುಳಿ, ಬೂಸಾ, ಬೆಲ್ಲ, ಕ್ಯಾರೆಟ್ ತುರಿ. ಅಷ್ಟೇ ಸಾಕಿತ್ತು. ಆದ್ರೆ ತವರಲ್ಲಿ ಮದುವೆ ಬಂತು ಅಂದ್ರೆ ಕೊಬ್ಬರಿ ಗಿಟುಕಿಗೆ ಬಣ್ಣ ಬರೆಯೋಳು ನಾನೇ, ಸಕ್ಕರೆ ಅಚ್ಚು ಹಾಕೋಳೂ ನಾನೇ. ನನ್ನ ಕೈಯಿಂದ ಒಂದು ಪದಾರ್ಥ ಬೋಳಾಗಿ ಹೊರಗೆ ಹೋಗೋದು ಅಂದ್ರೇನು? ಒಂದೊಂದು ಉಂಡೆ ಮೇಲೂ ಕ್ಯಾರೆಟ್ಟಿನ ಎಸಳು ಜೋಡಿಸಿ, ಸುತ್ತ ಕೊಬ್ಬರಿ ತುರಿ ಹಾಕಿ, ನಡುವೆ ಒಂದು ಕಲ್ಲುಸಕ್ಕರೆ ಕೂರಿಸಿದೆ.

ತಾತ ಉಂಡೇನ ತಿರುಗಿಸಿ ಮುರುಗಿಸಿ ನೋಡಿದ್ರು.

"ತಾಯಿ, ಕುದುರೆ ಇದನ್ನೆಲ್ಲ ನೋಡಲ್ಲ."

"ಅದು ನೋಡದಿದ್ರೆ ಬಿಡ್ಲಿ, ನೀವು ನೋಡ್ತೀರಲ್ಲ."

ಮಾರನೇ ದಿನ ತಾತ ಮುಖ ಸಣ್ಣಗೆ ಮಾಡ್ಕೊಂಡು ಬಂದ್ರು. "ನಮ್ಮ ಮನೆಯಾಕೆ ನೋಡ್ಬಿಟ್ಲು ತಾಯಿ. ಮೂವತ್ತು ವರ್ಷದಲ್ಲಿ ನಂಗೊಂದು ಹೂ ತರ್ಲಿಲ್ಲ, ಕುದುರೆಗೆ ಹೂವಿನ ಉಂಡೇನಾ ಅಂತ ಊಟಾನೇ ಹಾಕ್ಲಿಲ್ಲ. ಇವತ್ತು ಉಂಡೆ ಜೊತೆ ಒಂದು ಮೊಳ ಮಲ್ಲಿಗೇನೂ ಕಟ್ಟಿಕೊಡಿ. ಮೆಲ್ಲಗೆ, ಕುದುರೆ ಕಣ್ಣಿಗೆ ಬೀಳ್ಬಾರ್ದು, ತಿಂದ್ಬಿಡುತ್ತೆ."

ಹುಟ್ಟುಹಬ್ಬ

ಜೆ.ಪಿ. ನಗರದ ಕಡೆ ಆಗಿನ್ನೂ ತೋಟಗಳಿದ್ವು. ಅಲ್ಲೊಂದು ತೋಟದ ಮನೆ ಮೇಡಂ ತಮ್ಮ ಕುದುರೆ ಹುಟ್ಟುಹಬ್ಬಕ್ಕೆ ಅಂತ ಒಂದು ತಟ್ಟೆ ತುಂಬ ಉಂಡೆ ಹೇಳಿಕಳಿಸಿದ್ರು. ಕುದುರೆಗೆ ಹುಟ್ಟುಹಬ್ಬ ಇರುತ್ತೆ ಅನ್ನೋದೇ ನಂಗೆ ಆವತ್ತು ಗೊತ್ತಾಗಿದ್ದು. ಹುಟ್ಟುಹಬ್ಬ ಅಂದಮೇಲೆ ಬರೀ ತಿಂಡಿ ಕೊಟ್ಟು ಬರೋಕಾಗುತ್ತಾ? ಆರತಿ ತಟ್ಟೇನೂ ತಗೊಂಡು ಹೋದೆ.

ಲಾಯದ ಮುಂದೆ ಬಂದವರೆಲ್ಲ ಸುತ್ತ ನಿಂತಿದ್ರು. ಕುದುರೆ ಹಣೆಗೆ ಕುಂಕುಮ ಇಟ್ಟು, ಎರಡು ಬತ್ತಿ ಹಚ್ಚಿ, ಒಂದು ಸುತ್ತು ಆರತಿ ಎತ್ತಿದೆ ನೋಡಿ, ಕುದುರೆ ಫುರ್ರ್ ಅಂತ ಉಸಿರು ಬಿಡ್ತು. ಎರಡು ಬತ್ತೀನೂ ಆರಿಹೋದ್ವು.

ಆರತಿ ದೀಪ ಆರೋದು ಅಂದ್ರೆ ಏನು ಸಾಮಾನ್ಯ ಅಪಶಕುನವಾ? ಸುತ್ತ ಇದ್ದೋರು ಚಪ್ಪಾಳೆ ತಟ್ತಿದ್ರು. ಮೇಡಂ ಬಂದು ನನ್ನ ಕೈ ಹಿಡ್ಕೊಂಡು, "ಎಷ್ಟು ಚೆನ್ನಾಗಿ ಊದ್ತು ನೋಡಿದ್ರಾ, ಹೇಗೆ ಕಲಿಸಿದ್ರಿ?" ಅಂತ ಕೇಳಿದ್ರು.

ಬೇರೆಯವರ ಮನೆ ಜೀವ, ನನ್ನ ಕೈಯಲ್ಲಿ ಹೀಗಾಯ್ತಲ್ಲ ಅಂತ ಸಂಕಟ ಆಯ್ತು. ನೆಟ್ಟಗೆ ದೇವಸ್ಥಾನಕ್ಕೆ ಹೋಗಿ ಕುದುರೆ ಹೆಸರಲ್ಲಿ ಒಂದು ಅರ್ಚನೆ ಮಾಡಿಸ್ದೆ. ಅರ್ಚಕರು ನಕ್ಷತ್ರ ಕೇಳಿದ್ರು. ಕುದುರೆ ಅಲ್ವಾ, ಅಶ್ವಿನಿ ಅಂದೆ. ಗೋತ್ರ ಕೇಳಿದ್ರು. ಗೊತ್ತಿಲ್ಲ ಅಂದೆ. ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ ಅಂತ ಹೇಳಿ ಅವರು ಅರ್ಚನೆ ಮುಗಿಸಿದ್ರು.

ಮನೆಗೆ ಬಂದು ಅತ್ತೇಗೆ ಒಂದೂ ಬಿಡದೆ ಒಪ್ಪಿಸ್ದೆ. ಅವರು ಜಪಸರ ಕೆಳಗಿಟ್ರು. "ನಮ್ಮದೂ ಕಾಶ್ಯಪ ಗೋತ್ರವೇ. ಅದನ್ನ ಸ್ವಲ್ಪ ಹುಷಾರಾಗಿ ನೋಡ್ಕೊಳ್ಳೋಕೆ ಹೇಳು. ನಾಳೆ ಅದಕ್ಕೇನಾದ್ರೂ ಆದ್ರೆ ನಮಗೆ ಸೂತಕ."

ಹೆಣ್ಣು ನೋಡೋಕೆ ಬಂದವರು

ಉಂಡೆ ರುಚಿ ಹತ್ತಿದ ಮೇಲೆ ತಾತನ ಕುದುರೆ ಕೆಟ್ಟುಹೋಯ್ತು. ಎಲ್ಲಿಗೆ ಹೊರಟಿದ್ರೂ ಸರಿ, ನಮ್ಮ ರಸ್ತೆ ತಿರುವು ಬಂದ್ರೆ ಒಳಗೆ ನುಗ್ಗಿ ನಮ್ಮ ಗೇಟಿನ ಮುಂದೆ ನಿಂತ್ಬಿಡೋದು. ಉಂಡೆ ಬೀಳೋವರೆಗೂ ಜಪ್ಪಯ್ಯ ಅಂದ್ರೂ ಕದಲ್ತಿರ್ಲಿಲ್ಲ.

ಒಂದು ಭಾನುವಾರ ಹಾಗೇ ಬಂದು ನಿಲ್ತು. ಗಾಡಿ ತುಂಬ ಜನ. ತಾತ ಇಳಿದು ಉಂಡೆ ಕೇಳೋಕೆ ಹಿತ್ತಲಿಗೆ ಬಂದ್ರು. ಅಷ್ಟರಲ್ಲಿ ಗಾಡೀಲಿದ್ದೋರೂ ಇಳಿದು, ಚಪ್ಪಲಿ ಬಿಟ್ಟು ಒಳಗೆ ಬಂದ್ರು. ಇಸ್ತ್ರಿ ಮಾಡಿದ ಷರ್ಟಿನ ಒಬ್ಬ ಹುಡುಗ, ಅವನ ಅಪ್ಪ, ಅಮ್ಮ, ಸೋದರಮಾವ.

ಬಾಗಿಲಿಗೆ ಬಂದೋರನ್ನ ನೀವ್ಯಾರು ಅಂತ ಕೇಳೋದು ನಮ್ಮಲ್ಲಿ ಮರ್ಯಾದೆ ಅಲ್ಲ. ಅತ್ತೆ ಕಡೆ ನೆಂಟರು ಅಂದ್ಕೊಂಡು ನಮ್ಮನೆಯವರು ಚಾಪೆ ಹಾಸಿದ್ರು. ಮಗನ ಕಾರ್ಖಾನೆಯವರು ಅಂದ್ಕೊಂಡು ಅತ್ತೆ ನೀರು ಕೊಟ್ರು. ಉಂಡೆ ಗಿರಾಕಿಗಳು ಅಂದ್ಕೊಂಡು ನಾನು ಉಪ್ಪಿಟ್ಟು ಕಾಫಿ ಮಾಡ್ದೆ. ಮಳೆ, ಬೆಲೆ ಏರಿಕೆ, ಬಸ್ಸು ಎಲ್ಲಾ ಮಾತಾಡಿ ಆಯ್ತು. ಆಮೇಲೆ ಹುಡುಗನ ತಾಯಿ ಸೆರಗು ಸರಿ ಮಾಡ್ಕೊಂಡು, "ಇನ್ನು ಹುಡುಗೀನ ಕರೀರಿ" ಅಂದ್ರು.

ಅತ್ತೆ ನನ್ನ ಕಡೆ ಕೈ ತೋರಿಸಿ, "ನಮ್ಮನೇಲಿರೋದು ಇವಳೊಬ್ಳೇ. ಮದುವೆ ಆಗಿ ಏಳು ವರ್ಷ ಆಯ್ತು" ಅಂದ್ರು. ಅವರು ಹೋಗ್ಬೇಕಿದ್ದ ಮನೆ ಜಯನಗರದಲ್ಲಿತ್ತು.

ಸೋದರಮಾವ ಮಾತ್ರ ವಿಚಲಿತರಾಗ್ಲಿಲ್ಲ. ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟು ಕೇಳಿದ್ರು, "ಉಪ್ಪಿಟ್ಟು ಬಹಳ ಚೆನ್ನಾಗಿತ್ತು. ಇವರಿಗೆ ತಂಗಿ ಗಿಂಗಿ ಇದಾರಾ?"

ಆಯುಧಪೂಜೆ

ಇಷ್ಟೆಲ್ಲಾ ಆದ್ರೂ ಮನೆ ನಡೆಯೋಷ್ಟು ವ್ಯಾಪಾರ ಕೂಡ್ಲಿಲ್ಲ. ನನ್ನ ಆಸೆಯೆಲ್ಲ ಆಯುಧಪೂಜೆ ಮೇಲಿತ್ತು. ಆವತ್ತು ಗಾಡಿ, ಕುದುರೆ ಎಲ್ಲಾ ತೊಳೆದು ಪೂಜೆ ಮಾಡ್ತಾರೆ. ಜಟಕಾ ಸ್ಟ್ಯಾಂಡಿನವರೆಲ್ಲ ಉಂಡೆ ತಗೋತೀವಿ ಅಂತ ಮಾತು ಕೊಟ್ಟಿದ್ರು. ಎರಡು ಕುಕ್ಕೆ ತುಂಬ ಕಟ್ಟಿ, ಒಂದೊಂದಕ್ಕೂ ಹೂ ಬಿಡಿಸಿ ಕೂತೆ.

ಬೆಳಗ್ಗೆ ಬಂದಿದ್ದು ತಾತ ಒಬ್ರೇ. "ಉಳಿದೋರು ಕುದುರೆ ಮಾರಿ ಆಟೋ ತಗೊಂಡ್ರು ತಾಯಿ. ನನಗೂ ನಿನ್ನೇನೇ ಗೊತ್ತಾಗಿದ್ದು." ಆಟೋಗೆ ಉಂಡೆ ತಿನ್ನಿಸೋಕಾಗುತ್ತಾ? ತಾತನ ಹಿಂದೇನೇ ಭಾವನ ಟೆಂಪೋ ಬಂತು, ಚೆಂಡುಹೂವಿನ ಹಾರ ಹಾಕ್ಕೊಂಡು. ಸಾಮಾನು ತುಂಬ್ಕೊಂಡು ಹೋಗೋಕೆ. ನಾನು ಕುಕ್ಕೆ ಪಕ್ಕ ಜಗಲಿ ಮೇಲೆ ಕೂತು ಅತ್ತುಬಿಟ್ಟೆ. ಬೀದಿಯವರೆಲ್ಲ ನೋಡ್ತಿದ್ರು, ನೋಡ್ಲಿ ಅಂತ ಅಳ್ತಾನೇ ಇದ್ದೆ.

ಅತ್ತೆ ಮಡಿಯುಟ್ಟು ಪೂಜೆ ಮುಗಿಸಿ ಹೊರಗೆ ಬಂದ್ರು. ನನ್ನ ನೋಡಿದ್ರು, ಕುಕ್ಕೆ ನೋಡಿದ್ರು. ತಟ್ಟೆ ತುಂಬ ಉಂಡೆ ಜೋಡಿಸ್ಕೊಂಡು, ಗೇಟು ದಾಟಿ, ಕುದುರೆಗೆ ಬೆನ್ನು ಮಾಡಿ ನಿಂತು, ತಟ್ಟೇನ ತಲೆ ಮೇಲೆ ಇಟ್ಕೊಂಡು ಎರಡೂ ಕೈಲಿ ಹಿಡ್ಕೊಂಡ್ರು. ಕಣ್ಣು ಮುಚ್ಚಿದ್ರು.

ನಮ್ಮ ಕಡೆಯವರಿಗೆ ಇದು ಹೇಳ್ಬೇಕಾಗಿಲ್ಲ. ಹಿಂದೆ ಒಬ್ರು ಯತಿಗಳು ಕಡಲೆ ಬೆಲ್ಲದ ನೈವೇದ್ಯ ಹೀಗೇ ತಲೆ ಮೇಲೆ ಹಿಡ್ಕೊಂಡು ನಿಲ್ತಿದ್ರಂತೆ. ಹಯಗ್ರೀವ ದೇವರು ಬಿಳೀ ಕುದುರೆ ಆಗಿ ಹಿಂದಿನಿಂದ ಬಂದು ತಿಂದು, ಸ್ವಲ್ಪ ಪ್ರಸಾದ ಉಳಿಸಿ ಹೋಗ್ತಿದ್ನಂತೆ. ತಾತನ ಕುದುರೆ ಬಿಳೀದಲ್ಲ, ಬೂದು. ಆದ್ರೂ ನೋಡ್ತಿದ್ದೋರೆಲ್ಲ ಕೈ ಮುಗಿದ್ರು. ತಾತ ತಲೆ ಮೇಲಿನ ವಸ್ತ್ರ ತೆಗೆದು ಕಂಕುಳಲ್ಲಿಟ್ಕೊಂಡ್ರು. ಕುದುರೆ ಕತ್ತು ಚಾಚ್ತು.

ಸ್ವಲ್ಪ ಹೊತ್ತಾದ್ಮೇಲೆ ಅತ್ತೆ ತಿರುಗದೇನೇ ಕೇಳಿದ್ರು, "ತಿಂತಾ?"

"ತಿಂತು."

"ಉಳಿಸ್ತಾ?"

"ಒಂದು ಉಳಿದಿದೆ."

"ಅದು ಪ್ರಸಾದ. ನಿಮ್ಮ ಭಾವಂಗೆ ಕೊಡು."

ಆ ಉಂಡೆ ಕುದುರೆ ಜೊಲ್ಲಲ್ಲಿ ನೆಂದು ಹೊಳೀತಿತ್ತು. ಭಾವ ಅದನ್ನ ನೋಡಿದ್ರು, ಅಮ್ಮನ ಮುಖ ನೋಡಿದ್ರು. ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕ್ಕೊಂಡ್ರು. ಅಷ್ಟರಲ್ಲಿ ಎದುರುಮನೆಯಾಕೆ ಒಂದು ತಟ್ಟೆ ಹಿಡ್ಕೊಂಡು ಬಂದು, "ನಮ್ಮ ಕೈಲೂ ಒಂದು ಸೇವೆ ಆಗ್ಲಿ, ಎಂಟು ಉಂಡೆ ಕೊಡಿ" ಅಂದ್ರು. ಅವರ ಹಿಂದೆ ಇನ್ನೊಬ್ರು. ಅವರ ಹಿಂದೆ ಮೂಲೆಮನೆಯವರು, ಸೊಸೆ ಸಮೇತ. ಪ್ರತಿ ಗುರುವಾರ ಗಾಡಿ ತರ್ತೀರಾ ಅಂತ ತಾತನ್ನ ಕೇಳ್ತಿದ್ರು. ಕುದುರೆಗೆ ಹೊಟ್ಟೆ ತುಂಬಿದ್ಮೇಲೂ ಸಾಲು ಕರಗ್ಲಿಲ್ಲ, ನಾನು ಹಿತ್ತಲಿಗೆ ಓಡಿ ಮತ್ತೆ ಒಲೆ ಹಚ್ದೆ.

ಭಾವ ಅಗೀತಾನೇ ಟೆಂಪೋ ಕಡೆ ಕೈ ತೋರಿಸಿದ್ರು. ಅತ್ತೆ ತಲೆಗೆ ಅಂಟಿದ್ದ ಬೂಸಾ ಒರೆಸ್ಕೊಂಡು ಅಂದ್ರು, "ಪೂಜೆ ಮಾಡಿದ ಗಾಡೀಲಿ ಮೊದಲು ಮನೆಗೆ ಧಾನ್ಯ ಬರ್ಬೇಕಪ್ಪ, ಸಾಮಾನು ಹೊರಗೆ ಹೋಗ್ಬಾರ್ದು. ಹೋಗು, ಮಾರ್ಕೆಟ್ಟಿಂದ ಎರಡು ಮೂಟೆ ಹುರುಳಿ ತಂದುಹಾಕು."

ಪ್ರಸಾದ ಬಾಯಲ್ಲಿಟ್ಕೊಂಡು ಮಾತಾಡೋ ಹಾಗಿಲ್ಲ. ಭಾವ ಟೆಂಪೋ ಹತ್ತಿದ್ರು.